ಹೊಸ ಡಬ್ಬಿಯ ಹಳೇ ರಾಡು

ಬೂಟುಗಳು ಗುಂಡಿಯ ಅಂಚಿಗೆ ಬಂದು ನಿಂತವು.

ಬಸ್ಸಿನ ಅಡಿಯಲ್ಲಿ, ಆಳೆತ್ತರದ ರಿಪೇರಿ ಗುಂಡಿಯೊಳಗೆ ಕತ್ತು ಮೇಲೆತ್ತಿ ನಿಂತಿದ್ದ ತನಿಖಾಧಿಕಾರಿಗೆ ಕಂಡದ್ದು ಅಷ್ಟೇ. ಒಂದು ಜೊತೆ ಕಪ್ಪು ಬೂಟು, ಅದರ ಮೇಲೆ ಒಂದು ಗೇಣು ನೀಲಿ ಪ್ಯಾಂಟು. ಈ ವರ್ಕ್‌ಶಾಪಿನಲ್ಲಿ ಎಲ್ಲರದೂ ನೀಲಿ ಪ್ಯಾಂಟೇ, ಎಲ್ಲರದೂ ಕಪ್ಪು ಬೂಟೇ.

"ಯಾರದು?" ಎಂದಳು.

ಉತ್ತರ ಬರಲಿಲ್ಲ.

"ಇನ್ನೊಂದು ಲೈಟ್ ಬೇಕಿತ್ತು. ಸ್ವಲ್ಪ ಎತ್ತಿ ಕೊಡ್ತೀರಾ?"

ಬೂಟುಗಳು ಕದಲಲಿಲ್ಲ. ಕೇಳುತ್ತಿದೆ, ಆದರೆ ಮಾತಾಡುವ ಮನಸ್ಸಿಲ್ಲ ಎನ್ನುವ ಹಾಗೆ ನಿಂತೇ ಇದ್ದವು. ನಲವತ್ತಾರರ ಹೆಂಗಸು, ಹದಿನೆಂಟು ವರ್ಷ ವಾಹನ ಸುರಕ್ಷತಾ ಇಲಾಖೆಯಲ್ಲಿ ದುಡಿದವಳು, ನಜ್ಜುಗುಜ್ಜಾದ ಎಷ್ಟೋ ಬಸ್ಸು ಲಾರಿಗಳೊಳಗೆ ತೂರಿ ಬಂದವಳು. ಆದರೂ ಮಾತಾಡದ ಒಂದು ಜೊತೆ ಬೂಟು ಅವಳ ಬೆನ್ನಿನಲ್ಲಿ ತಣ್ಣಗೆ ಏನನ್ನೋ ಹರಿಸಿತು.

ಗುಂಡಿಯ ದೀಪ ಆರಿತು.

ಬೆಳಗಿನ ಹನ್ನೊಂದು ಗಂಟೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಆದರೆ ಹತ್ತು ಟನ್ನಿನ ಬಸ್ಸು ಮುಚ್ಚಳದಂತೆ ಮೇಲೆ ನಿಂತಿದ್ದ ಆ ಗುಂಡಿಯಲ್ಲಿ ತನ್ನ ಕೈ ತನಗೇ ಕಾಣಲಿಲ್ಲ. ಸೋರುವ ಎಣ್ಣೆಯ ವಾಸನೆ, ಎಲ್ಲೋ ಒಂದು ಹನಿ ಬೀಳುವ ಸದ್ದು, ತನ್ನದೇ ಉಸಿರು. ಆಮೇಲೆ ಬೂಟುಗಳು ಹೊರಟ ಸದ್ದು. ಓಡಲಿಲ್ಲ. ಸಾವಕಾಶವಾಗಿ ಹೋದವು. ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ನೆಲಕ್ಕೆ ಉಜ್ಜಿದಂತೆ.

ಮೆಟ್ಟಿಲು ಹಿಂದೆಯೇ ಇತ್ತು. ಹತ್ತಿ ಓಡಿಹೋಗಬಹುದಿತ್ತು. ಕಾಲುಗಳು ಅದನ್ನೇ ಕೇಳುತ್ತಿದ್ದವು. ಅವಳು ಜೇಬಿನಿಂದ ಪುಟ್ಟ ಟಾರ್ಚ್ ತೆಗೆದು ಹಲ್ಲಿನಲ್ಲಿ ಕಚ್ಚಿಕೊಂಡಳು. ಬಂದ ಕೆಲಸ ಇನ್ನೂ ಅರ್ಧ ಉಳಿದಿತ್ತು.

ಒಂಬತ್ತು ದಿನದ ಹಿಂದೆ ಇದೇ ಡಿಪೋದ ಬಸ್ಸೊಂದು ನೆಟ್ಟಗಿನ ರಸ್ತೆಯಲ್ಲಿ ಹೊರಳಿ ಕಾಲುವೆಗೆ ಬಿದ್ದು ನಾಲ್ವರು ಸತ್ತಿದ್ದರು; ಆಸ್ಪತ್ರೆಯಲ್ಲಿ ಡ್ರೈವರ್ ಹೇಳಿದ್ದು ಒಂದೇ ಮಾತು: "ಚಕ್ರ ತಿರುಗಿಸಿದೆ, ಬಸ್ಸು ತಿರುಗಲಿಲ್ಲ."

ಅವನ ಮಾತನ್ನು ಯಾರೂ ನಂಬಿರಲಿಲ್ಲ. ಸ್ಟೀರಿಂಗ್ ತಿರುಗಿಸಿದರೆ ಮುಂದಿನ ಗಾಲಿಗಳನ್ನು ತಿರುಗಿಸುವುದು ಮುಂಭಾಗದ ಅಡಿಯಲ್ಲಿರುವ ಒಂದು ಕಬ್ಬಿಣದ ರಾಡು. ಆ ರಾಡಿನ ಒಂದು ಬ್ಯಾಚಿನಲ್ಲಿ ಕೊಂಡಿ ದುರ್ಬಲವಾಗಿದೆ, ಓಡುವಾಗಲೇ ಕಳಚಿಕೊಳ್ಳಬಹುದು ಎಂದು ಬಸ್ಸು ತಯಾರಿಸಿದ ಕಂಪನಿಯೇ ಆರು ತಿಂಗಳ ಹಿಂದೆ ಅವನ್ನು ವಾಪಸ್ ಕರೆಯುವ ರೀಕಾಲ್ ಆದೇಶ ಹೊರಡಿಸಿತ್ತು. ಹಳೆಯದನ್ನು ಕಳಚಿ, ಹೊಸದನ್ನು ಹಾಕಿ, ಹಳೆಯದನ್ನು ತುಂಡರಿಸಬೇಕು. ಈ ಡಿಪೋದಲ್ಲಿ ಅಂಥ ಬಸ್ಸುಗಳು ಒಂಬತ್ತು. ಒಂಬತ್ತಕ್ಕೂ ಹೊಸ ರಾಡು ಹಾಕಿದೆ ಎಂದು ರಿಜಿಸ್ಟರಿನಲ್ಲಿ ಸಹಿ ಇತ್ತು. ಹಾಕಿದ್ದರೆ ಕಳಚಿದ್ದು ಏನು?

ಕಾಲುವೆಗೆ ಬಿದ್ದ ಬಸ್ಸಿನ ರಾಡು ಮಾತ್ರ ಸಿಕ್ಕಿರಲಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ಮೂರು ದಿನ ಹುಡುಕಿದರೂ ಇಲ್ಲ.

ಸಹಿ ಸುಳ್ಳಿರಬೇಕು, ಹಳೇ ರಾಡನ್ನೇ ಬಿಟ್ಟು ಹೊಸದು ಹಾಕಿದೆ ಎಂದು ಬರೆದಿರಬೇಕು ಎಂಬ ಅನುಮಾನದಿಂದ ಅವಳು ಈ ಗುಂಡಿಗೆ ಇಳಿದಿದ್ದಳು. ಆ ಅನುಮಾನ ಅವಳ ನಿದ್ದೆ ಕೆಡಿಸಿತ್ತು. ಏಕೆಂದರೆ ಆ ಸಹಿ ಹಾಕಿದವನು ಇಲ್ಲಿನ ಹೆಡ್ ಮೆಕ್ಯಾನಿಕ್, ಅವಳ ಸೋದರಮಾವ. "ಆತ ನನ್ನ ಮಾವ, ಈ ಕೇಸು ಬೇರೆಯವರಿಗೆ ಕೊಡಿ" ಎಂದು ಮೇಲಧಿಕಾರಿಗೆ ಬರೆದು ವಾರವಾಗಿತ್ತು. ಉತ್ತರ ಬಂದಿರಲಿಲ್ಲ.

ಆದರೆ ಬಸ್ಸಿನಡಿ ಕಂಡದ್ದು ಹೊಸ ರಾಡೇ. ಮಿರಮಿರ ಕಪ್ಪು ಬಣ್ಣ, ಹಳದಿ ಚೀಟಿ, ಕಂಪನಿಯ ಮುದ್ರೆ. ಬೂಟುಗಳು ಬರುವ ಒಂದು ನಿಮಿಷ ಮೊದಲು ಅವಳು ಅದನ್ನು ನೋಡಿ, ಮಾವ ಉಳಿದ ಎಂದುಕೊಂಡು ನಿಟ್ಟುಸಿರು ಬಿಟ್ಟಿದ್ದಳು. ಸುಮ್ಮನೆ ಅದರ ಮೇಲೆ ಹೆಬ್ಬೆರಳು ಆಡಿಸಿದ್ದಳು. ಬಣ್ಣದ ಕೆಳಗೆ ಲೋಹ ಸಿಡುಬಿನ ಮುಖದಂತೆ ಕುಳಿಕುಳಿಯಾಗಿತ್ತು.

ಈಗ ಟಾರ್ಚಿನ ಬೆಳಕಿನಲ್ಲಿ ಬ್ಲೇಡಿನಿಂದ ಬಣ್ಣ ಕೆರೆದಳು. ನಂಬರು ಹೊಡೆದ ಜಾಗದಲ್ಲಿ ಸೀಮೆಸುಣ್ಣ ಉಜ್ಜಿ ಬಟ್ಟೆಯಿಂದ ಒರೆಸಿದಳು. ಎರಡು ಸಲ ಸುಣ್ಣದ ಕಡ್ಡಿ ಜಾರಿ ಬಿತ್ತು. ಮೂರನೇ ಸಲ ಒರೆಸಿದಾಗ ಹೊಸ ಅಂಕಿ ಬೆಳ್ಳಗೆ ಎದ್ದು ಕಂಡಿತು. ಅರವತ್ತೊಂದು. ಅದರ ಹಿಂದೆ, ಅರದಿಂದ ಉಜ್ಜಿ ಅಳಿಸಲು ನೋಡಿದ ಜಾಗದಲ್ಲಿ, ಕೂದಲೆಳೆಯಷ್ಟು ಸಣ್ಣಗೆ ಇನ್ನೊಂದು ಅಂಕಿ.

ನಲವತ್ತೇಳು.

ರೀಕಾಲ್ ಆಗಿದ್ದ ಬ್ಯಾಚಿನ ರಾಡುಗಳ ನಂಬರೆಲ್ಲ ಆರಂಭವಾಗುತ್ತಿದ್ದುದು ನಲವತ್ತೇಳರಿಂದ.

ಅವಳಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದಾಗ ಹಲ್ಲಿನ ನಡುವಿನ ಟಾರ್ಚ್ ಕಟಕಟ ಅಂದಿತು. ತುಂಡಾಗಬೇಕಿದ್ದ ರಾಡುಗಳು ತುಂಡಾಗಿಲ್ಲ. ಯಾರೋ ಅವನ್ನು ಉಜ್ಜಿ, ಬಣ್ಣ ಬಳಿದು, ಹೊಸ ನಂಬರು ಹೊಡೆದು, ಹೊಸ ಡಬ್ಬಿಗೆ ತುಂಬಿ ವಾಪಸ್ ಕಳಿಸಿದ್ದಾರೆ. ಒಂದು ಕೆಟ್ಟ ರಾಡು ತೆಗೆದು ಇನ್ನೊಂದು ಕೆಟ್ಟ ರಾಡು ಹಾಕಿದ್ದಾರೆ. ಎಲ್ಲರೂ ಸುರಕ್ಷಿತ ಎಂದು ನಂಬಿದ ಬಸ್ಸುಗಳೇ ಈಗ ಅಪಾಯದ ಬಸ್ಸುಗಳು.

ಒಂಬತ್ತರಲ್ಲಿ ಒಂದು ಕಾಲುವೆಗೆ ಬಿತ್ತು. ಒಂದು ತನ್ನ ತಲೆಯ ಮೇಲಿದೆ. ಉಳಿದ ಏಳು ಈ ಹೊತ್ತಿನಲ್ಲಿ ಜನ ತುಂಬಿಕೊಂಡು ರಸ್ತೆಯಲ್ಲಿವೆ.

ಅನುಮಾನಕ್ಕೆ ಪುರಾವೆ ಇಲ್ಲವೆಂದು, ಆ ಏಳು ಓಡಲಿ ಎಂದು ನಿನ್ನೆ ಸಂಜೆ ರಿಜಿಸ್ಟರ್ ನೋಡಿ ಬರೆದುಕೊಟ್ಟವಳು ಅವಳೇ.

*

ಗುಂಡಿ ಹತ್ತಿ ಬಂದಾಗ ಸುತ್ತ ಯಾರೂ ಇರಲಿಲ್ಲ. ಮೆಕ್ಯಾನಿಕ್‌ಗಳು ಟೀಗೆ ಹೋಗಿದ್ದರು. ಸಾಮಾನು ಕೊಡುವ ಸ್ಟೋರಿನ ಕಿಟಕಿ, ಅವಳು ಇಳಿಯುವಾಗ ತೆರೆದಿದ್ದದ್ದು, ಈಗ ಮುಚ್ಚಿತ್ತು. ಬಾಗಿಲಿಗೆ ಬೀಗ ನೇತಾಡುತ್ತಿತ್ತು.

ಗೇಟಿನ ಬಳಿ ನೆಲಕ್ಕೆ ನೀರು ಹೊಡೆಯುತ್ತಿದ್ದ ಹೆಂಗಸನ್ನು ಕೇಳಿದಳು. "ಸ್ಟೋರ್‌ನವರು ಎಲ್ಲಿ?"

"ಬೀಗಣ್ಣನಾ? ಈಗ ತಾನೇ ಹೋದ ಮೇಡಂ." ಸೊಂಟದಲ್ಲಿ ಸದಾ ಬೀಗದ ಕೈಗೊಂಚಲು ಸಿಕ್ಕಿಸಿಕೊಂಡಿರುತ್ತಿದ್ದ ಸ್ಟೋರ್ ಕೀಪರ್‌ಗೆ ಡಿಪೋದಲ್ಲಿ ಎಲ್ಲರೂ ಇಟ್ಟ ಹೆಸರು ಅದು. "ವರ್ಕ್‌ಶಾಪ್ ವ್ಯಾನ್ ತಗೊಂಡು ಹೋದ. ಮುಖ ಬಿಳಿಚಿಕೊಂಡಿತ್ತು. ಜೊತೆಗೆ ಇನ್ನೊಬ್ಬ ಇದ್ದ."

"ಯಾರು?"

"ನಮ್ಮೋನಲ್ಲ. ಬಟ್ಟೆ ಮಾತ್ರ ನಮ್ಮದೇ."

"ಮುಖ ನೋಡಿದ್ಯಾ?"

"ನೆಲ ತೊಳೆಯೋಳಿಗೆ ಹೊಸಬರ ಮುಖ ಎಲ್ಲಿ ಕಾಣುತ್ತೆ ಮೇಡಂ, ಕಾಲೇ ಕಾಣೋದು. ಎಡಗಾಲು ಎಳ್ಕೊಂಡು ನಡೀತಿದ್ದ. ಒದ್ದೆ ನೆಲ ಅಂತ ಕೂಗ್ದೆ, ತಿರುಗಿಯೂ ನೋಡಲಿಲ್ಲ."

ತೊಳೆದ ನೆಲದ ಮೇಲೆ ಬೂಟಿನ ಗುರುತು ಇನ್ನೂ ಆರಿರಲಿಲ್ಲ. ಗುಂಡಿಯ ಅಂಚಿನಿಂದ ಸ್ಟೋರಿಗೆ, ಸ್ಟೋರಿನಿಂದ ಗೇಟಿಗೆ. ಗುಂಡಿಯ ಅಂಚಿನಲ್ಲಿ ಗುರುತುಗಳು ಒಂದರ ಮೇಲೊಂದು ಬಿದ್ದು ಗೋಜಲಾಗಿದ್ದವು. ಅವನು ಅಲ್ಲಿ ತುಂಬಾ ಹೊತ್ತು ನಿಂತಿದ್ದ. ಅವಳು ಕೂಗುವುದಕ್ಕೆ ಬಹಳ ಮೊದಲಿನಿಂದಲೂ.

*

ಮಾವ ತನ್ನ ಮೂಲೆಯಲ್ಲಿ ಒಂದು ಪಂಪನ್ನು ಬಿಚ್ಚಿ ಹರಡಿಕೊಂಡು ಕೂತಿದ್ದ. ತಂದೆ ತೀರಿಕೊಂಡ ಮೇಲೆ ಅವಳನ್ನು ಸಾಕಿದವನು. ಏಳನೇ ವಯಸ್ಸಿಗೆ ಕೈಗೆ ಸ್ಪ್ಯಾನರ್ ಕೊಟ್ಟವನು. ಬಲಗಿವಿ ಮಂದ. ತಲೆ ಎತ್ತಿ ನಕ್ಕ.

"ಬಾ ಪುಟ್ಟೀ. ಮುಖಕ್ಕೆಲ್ಲ ಗ್ರೀಸ್ ಮೆತ್ಕೊಂಡು ಚೆನ್ನಾಗೇ ಕಾಣ್ತೀಯ. ಟೀ ಕುಡೀತೀಯಾ?"

"ಬೇಡ. ನೀವು ಎಡಗಿವಿ ಈ ಕಡೆ ಮಾಡಿ ಕೂತ್ಕೊಳ್ಳಿ. ನಾನು ಕೇಳೋದು ಸರಿಯಾಗಿ ಕೇಳಿಸಬೇಕು."

ಮಾವನ ನಗು ಅಲ್ಲೇ ನಿಂತಿತು. ಹುಟ್ಟಿದಾಗಿನಿಂದ ಅವಳು ಅವನಿಗೆ 'ನೀನು' ಅಂದವಳು. ಮದುವೆಯಾದ ಮೇಲೂ, ಅಧಿಕಾರಿಯಾದ ಮೇಲೂ. ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಬಟ್ಟೆಯ ಮೇಲೆ ಮೆಲ್ಲಗೆ ಇಟ್ಟ.

"ಸರಿ ಮೇಡಂ. ಕೇಳಿ."

ಅದು ಅವಳಿಗೆ ಚುಚ್ಚಿತು. ತೋರಿಸಿಕೊಳ್ಳಲಿಲ್ಲ. ರೀಕಾಲ್ ರಿಜಿಸ್ಟರ್ ಬಿಡಿಸಿ ಮುಂದಿಟ್ಟಳು.

"ಒಂಬತ್ತು ಬಸ್ಸು, ಒಂಬತ್ತು ಸಹಿ. ನಿಮ್ಮದೇನಾ?"

"ಕೋಳಿ ಕೆದಕಿದ ಹಾಗೆ ಬರೆಯೋನು ಈ ಡಿಪೋದಲ್ಲಿ ನಾನೊಬ್ಬನೇ."

"ರಾಡು ಹಾಕಿದ್ದು?"

"ನಾನೇ. ನನ್ನ ಕೈಯಾರೆ."

"ಡಬ್ಬಿ ಒಡೆದಿದ್ದು?"

"ಅದೂ ನಾನೇ. ಕಂಪನಿ ಸೀಲ್ ಇತ್ತು, ಚೀಟಿ ಇತ್ತು. ಕಳಚಿದ ಹಳೇದನ್ನ ಬೀಗಣ್ಣನಿಗೆ ಒಪ್ಪಿಸಿದೆ. ಲಾರಿ ಬಂದು ತಗೊಂಡು ಹೋಯ್ತು. ತುಂಡರಿಸಿದ್ದೀವಿ ಅಂತ ಕಾಗದ ಬಂತು. ನಮ್ಮ ಡಿಪೋ ಸರದಿ ಕೊನೇದು. ಬೇರೆ ಕಡೆಯೆಲ್ಲ ಆಗಲೇ ಮುಗಿದಿತ್ತು. ಇಷ್ಟೇ ನನಗೆ ಗೊತ್ತಿರೋದು."

ಅವಳು ಮೊಬೈಲಿನಲ್ಲಿ ತೆಗೆದ ಫೋಟೋವನ್ನು ಅವನ ಮುಂದೆ ಹಿಡಿದಳು. ಬಿಳಿ ಸುಣ್ಣದಲ್ಲಿ ಅರವತ್ತೊಂದು. ಅದರ ಹಿಂದೆ ನಲವತ್ತೇಳು.

ಮಾವ ಕನ್ನಡಕ ಹುಡುಕಿದ. ಹಣೆಯ ಮೇಲೇ ಇತ್ತು. ಇಳಿಸಿಕೊಂಡು ನೋಡಿದ. ಆಮೇಲೆ ಇನ್ನೊಮ್ಮೆ ನೋಡಿದ. ಅವನ ಬಲಗೈ ಹೆಬ್ಬೆರಳು ತೋರುಬೆರಳಿಗೆ ಉಜ್ಜತೊಡಗಿತು. ಏನೋ ಜಿಡ್ಡು ಅಂಟಿದೆ, ಹೋಗುತ್ತಿಲ್ಲ ಎನ್ನುವ ಹಾಗೆ.

ಅವಳ ಕಣ್ಣು ಆ ಬೆರಳುಗಳಿಂದ ಕದಲಲಿಲ್ಲ.

"ನಿಮಗೆ ಗೊತ್ತಿತ್ತು."

"ಇಲ್ಲ!"

"ಏನೋ ಅನ್ನಿಸಿತ್ತು. ಸುಳ್ಳು ಹೇಳಬೇಡಿ ಮಾವ. ನಲವತ್ತು ವರ್ಷ ಕಬ್ಬಿಣ ಹಿಡಿದ ಕೈ ಇದು. ನನ್ನ ಹೆಬ್ಬೆರಳಿಗೆ ತಿಳಿದದ್ದು ನಿಮ್ಮದಕ್ಕೆ ತಿಳೀಲಿಲ್ವಾ?"

ಹೊರಗೆ ಯಾರೋ ಬಸ್ಸಿನ ಎಂಜಿನ್ ಚಾಲೂ ಮಾಡಿ ನಿಲ್ಲಿಸಿದರು. ಮಾವ ಆ ಬೆರಳುಗಳನ್ನು ಬಟ್ಟೆಗೆ ಒರೆಸಿಕೊಂಡ.

"ಒಂದು ರಾಡಿನ ಬಣ್ಣ ಕೈಗೆ ಹತ್ತಿತು," ಎಂದ, ತಲೆ ತಗ್ಗಿಸಿ. "ಹೊಸ ಸಾಮಾನಿನ ಬಣ್ಣ ಕೈಗೆ ಹತ್ತಲ್ಲ. ಬೀಗಣ್ಣನನ್ನ ಕರೆದು ತೋರಿಸಿದೆ. ಅವನು ಕಂಪನಿ ಕಾಗದ ತಂದು ಮೂಗಿನ ಮುಂದೆ ಹಿಡಿದ. 'ನೀನು ಕಂಪನಿಗಿಂತ ದೊಡ್ಡೋನಾ?' ಅಂದ. ನಾನು ಸುಮ್ಮನಾದೆ."

"ಸುಮ್ಮನಾದ್ರಿ."

"ನಿವೃತ್ತಿಗೆ ಏಳು ತಿಂಗಳಿದೆ ಕಣೇ. ಸೀಲ್ ಇತ್ತು, ಚೀಟಿ ಇತ್ತು..."

"ನನಗೊಂದು ಫೋನ್ ಮಾಡಬಹುದಿತ್ತಲ್ಲ? ನಾಲ್ಕು ಜನ ಸತ್ತರು ಮಾವ. ಅದರಲ್ಲಿ ಒಬ್ಬಳು ಬಸುರಿ."

ಮಾವ ಥಟ್ಟನೆ ಎದ್ದು ನಿಂತ. ಪಂಪಿನ ಬಿಡಿಭಾಗಗಳು ನೆಲಕ್ಕೆ ಉರುಳಿದವು. ಅವನ ಗಂಟಲ ನರ ಉಬ್ಬಿತ್ತು. ಇಷ್ಟು ವರ್ಷದಲ್ಲಿ ಅವಳ ಮೇಲೆ ದನಿ ಎತ್ತಿದ್ದು ಅವಳಿಗೆ ನೆನಪಿಲ್ಲ.

"ಏನು, ನಾನು ಬೇಕಂತ ಮಾಡಿದೆ ಅಂತೀಯಾ? ಅವರ ಜೊತೆ ಸೇರ್ಕೊಂಡಿದ್ದೀನಿ ಅಂತೀಯಾ? ನನ್ನ ಕಣ್ಣು ನೋಡಿ ಹೇಳು! ಅದು ಕೆಟ್ಟ ರಾಡು ಅಂತ ಗೊತ್ತಿದ್ರೆ, ಬಂದ ಮೊದಲನೇ ಡಬ್ಬಿ ಒಡೆದು ನಮ್ಮ ಗುಬ್ಬಿ ಬಸ್ಸಿಗೆ ಹಾಕ್ತಿದ್ನಾ?"

ಗುಬ್ಬಿ ಅವನ ಒಬ್ಬಳೇ ಮಗಳು. ಡಿಪೋದ ಹತ್ತಿರದಲ್ಲೇ ಇರುವ ಬೆಟ್ಟದ ದಾರಿಯ ಬಸ್ಸಿನಲ್ಲಿ ಕಂಡಕ್ಟರ್. ಎಲ್ಲ ಬಸ್ಸಿಗಿಂತ ಮೊದಲು ಮಗಳ ಬಸ್ಸು ಭದ್ರವಾಗಲಿ ಎಂದು ಅವನು ಹೊಸ ಡಬ್ಬಿ ಬಂದ ದಿನವೇ ಅದನ್ನು ಗುಂಡಿಯ ಮೇಲೆ ನಿಲ್ಲಿಸಿದ್ದ.

ಸಿಟ್ಟಿನಲ್ಲಿ ಆಡಿದ ಮಾತು ಅವನ ಕಿವಿಗೇ ವಾಪಸ್ ಬಂದು ಬೀಳುವುದನ್ನು ಅವಳು ಕಣ್ಣಾರೆ ಕಂಡಳು. ಮೊದಲು ಕಣ್ಣು ಅಗಲವಾದವು. ಆಮೇಲೆ ಮುಖದ ರಕ್ತವೆಲ್ಲ ಇಳಿದುಹೋಯಿತು. ಬೆಂಚಿನ ಅಂಚು ಹಿಡಿದುಕೊಂಡ.

"ಮಾವ," ಎಂದಳು ಅವಳು. ಈಗ ಅಧಿಕಾರಿ ಎಲ್ಲೂ ಇರಲಿಲ್ಲ. "ನೀನು ಅಲ್ಲ. ನೀನು ಅಲ್ಲ ಅಂತ ಗೊತ್ತಾಯ್ತು. ನಡಿ."

"ಇವತ್ತು ಅವಳಿಗೆ ಡ್ಯೂಟಿ ಇದೆ ಪುಟ್ಟೀ," ಎಂದ ಮಾವ. "ಇಷ್ಟೊತ್ತಿಗೆ ಇಳಿಜಾರಿನಲ್ಲಿ ಇರ್ತಾಳೆ."

*

ಕಂಟ್ರೋಲ್ ರೂಮು ಮೇಲಿನ ಮಹಡಿಯಲ್ಲಿತ್ತು. ಅವಳು ಎರಡೆರಡು ಮೆಟ್ಟಿಲು ಹಾರಿ ಹತ್ತಿದಳು. ಹಿಂದೆ ಮಾವ ಏದುಸಿರು ಬಿಡುತ್ತ ಗೋಡೆ ಹಿಡಿದು ಬಂದ.

ಮೈಕಿನ ಮುಂದೆ ಕೂತಿದ್ದ ದಪ್ಪ ಹೆಂಗಸು ಇವರನ್ನು ನೋಡಿ, ಬಾಯಿಗಿಟ್ಟ ಬಿಸ್ಕತ್ತನ್ನು ಅಗಿಯುವುದೇ ಮರೆತಳು. ಡಿಪೋದ ಡ್ರೈವರುಗಳೆಲ್ಲ ಅವಳನ್ನು 'ರೇಡಿಯೋ ಅಕ್ಕ' ಎನ್ನುತ್ತಿದ್ದರು.

"ರೀಕಾಲ್ ಆದ ಏಳು ಬಸ್ಸು ಎಲ್ಲೆಲ್ಲಿವೆ? ಎಲ್ಲವನ್ನೂ ಈಗಲೇ ನಿಲ್ಲಿಸಿ. ಜನರನ್ನ ಇಳಿಸಿ. ಒಂದು ಗಜ ಕೂಡ ಮುಂದೆ ಹೋಗಬಾರದು."

"ಮ್ಯಾನೇಜರ್‌ಗೆ ಒಂದು ಮಾತು..."

"ನಾನು ಬರೆದುಕೊಡ್ತೀನಿ. ತಪ್ಪಾದ್ರೆ ನನ್ನ ಕೆಲಸ ಹೋಗಲಿ. ನೀವು ಮೈಕ್ ತಗೊಳ್ಳಿ."

ರೇಡಿಯೋ ಅಕ್ಕ ಮತ್ತೆ ಪ್ರಶ್ನೆ ಕೇಳಲಿಲ್ಲ. ಬಿಸ್ಕತ್ತು ನುಂಗಿ ಒಂದೊಂದೇ ಬಸ್ಸನ್ನು ಕರೆಯತೊಡಗಿದಳು. ಗೋಡೆಯ ಹಲಗೆಯ ಮೇಲೆ ರೀಕಾಲಿನ ಬಸ್ಸಿಗೊಂದರಂತೆ ಕೆಂಪು ಬಿಲ್ಲೆ ಅಂಟಿಸಿದ್ದರು. ಉತ್ತರ ಬಂದ ಹಾಗೆ ತನಿಖಾಧಿಕಾರಿ ಒಂದೊಂದನ್ನೇ ಕಿತ್ತು ಮೇಜಿನ ಮೇಲೆ ಹಾಕಿದಳು.

ಮೊದಲನೆಯದು ಮಾರುಕಟ್ಟೆ ಹತ್ತಿರ. ನಿಂತಿತು. ಎರಡನೆಯದು ನಿಲ್ದಾಣದಲ್ಲೇ ಇತ್ತು.

"ನಾನೇನು ಪಾಪ ಮಾಡಿದೆ ಅಕ್ಕಾ, ಈಗ ತಾನೇ ಸೀಟು ತುಂಬಿತ್ತು!" ಎಂದು ಮೂರನೆಯವನು ಗೊಣಗಿದ.

"ಬಾಯಿ ಮುಚ್ಕೊಂಡು ನಿಲ್ಲಿಸಪ್ಪ, ಬದುಕಿದ್ರೆ ನಾಳೆ ತುಂಬಿಸ್ಕೊಳ್ಳುವಂತೆ," ಎಂದಳು ರೇಡಿಯೋ ಅಕ್ಕ. ಅವಳ ದನಿ ತಮಾಷೆಯದು. ಕೈ ಮಾತ್ರ ಮೈಕನ್ನು ಹಿಸುಕುತ್ತಿತ್ತು.

ನಾಲ್ಕನೆಯದು ಮೇಲ್ಸೇತುವೆಯ ಮೇಲಿತ್ತು. ಮೂರು ಸಲ ಕರೆದರೂ ಗರಗರ ಸದ್ದು ಬಿಟ್ಟು ಬೇರೇನೂ ಇಲ್ಲ. ನಾಲ್ಕನೇ ಸಲ, "ಇಳಿದು ಪಕ್ಕಕ್ಕೆ ಹಾಕಿದೆ, ಏನು ವಿಷಯ?" ಎಂಬ ದನಿ ಬಂದಾಗ ಮಾವ ಕುರ್ಚಿಯ ಮೇಲೆ ಕುಸಿದ. ಐದು ನಿಂತಿತು. ಆರು ನಿಂತಿತು.

ಹಲಗೆಯ ಮೇಲೆ ಒಂದೇ ಬಿಲ್ಲೆ ಉಳಿಯಿತು.

"ಬೆಟ್ಟದ್ದು," ಎಂದಳು ತನಿಖಾಧಿಕಾರಿ. "ಅದನ್ನ ಕರೀರಿ."

"ಅದು ಆಗಲೇ ನಿಂತಿದೆಯಲ್ಲ ಮೇಡಂ."

"ಏನು?"

"ಹತ್ತು ನಿಮಿಷ ಆಯ್ತು. ಇಳಿಜಾರಿನ ನಾಲ್ಕನೇ ತಿರುವಿನಲ್ಲಿ ನಮ್ಮ ವರ್ಕ್‌ಶಾಪ್ ವ್ಯಾನ್ ಅಡ್ಡ ಹಾಕಿ ನಿಲ್ಲಿಸಿದೆ, ರಾಡು ಬದಲಾಯಿಸಬೇಕಂತೆ ಅಂತ ಡ್ರೈವರ್ ಹೇಳಿದ. ನೀವೇ ಕಳಿಸಿರಬೇಕು ಅಂದ್ಕೊಂಡೆ."

"ಅಬ್ಬ!" ಎಂದು ಮಾವ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಯಾವ ಪುಣ್ಯಾತ್ಮ ಕಳಿಸಿದನೋ, ಅವನ ಹೊಟ್ಟೆ ತಣ್ಣಗಿರಲಿ."

ತನಿಖಾಧಿಕಾರಿ ಗೋಡೆಯ ಗಡಿಯಾರ ನೋಡಿದಳು. ರಾಡು ಕೆಟ್ಟದ್ದೆಂದು ಅವಳಿಗೆ ತಿಳಿದೇ ಒಂದು ಗಂಟೆಯಾಗಿರಲಿಲ್ಲ. ಅವಳು ಹೇಳಿದ್ದು ಮಾವನೊಬ್ಬನಿಗೆ. ಆ ವ್ಯಾನು ಹೊರಟದ್ದು ಅವಳು ಗುಂಡಿಯಿಂದ ಮೇಲೆ ಬರುವ ಮೊದಲೇ.

"ಮಾವ, ವ್ಯಾನ್ ಕಳಿಸಿದ್ದು ನೀನಾ?"

ಮಾವ ಮುಖದಿಂದ ಕೈ ತೆಗೆದ. "ನಾನ್ಯಾಕೆ ಕಳಿಸ್ಲಿ? ನನಗೆ ಗೊತ್ತಾಗಿದ್ದೇ ಈಗ."

ಇಬ್ಬರೂ ರೇಡಿಯೋ ಅಕ್ಕನ ಕಡೆ ನೋಡಿದರು. ಅವಳು ತಲೆ ಅಲ್ಲಾಡಿಸಿದಳು.

"ಗುಬ್ಬಿಗೆ ಫೋನ್ ಹಾಕು," ಎಂದಳು ತನಿಖಾಧಿಕಾರಿ. "ಸ್ಪೀಕರ್ ಇಡು."

*

ಐದನೇ ರಿಂಗಿಗೆ ಎತ್ತಿದಳು. ಹಿಂದೆ ಜನರ ಗುಜುಗುಜು, ಒಂದು ಮಗುವಿನ ಅಳು.

"ಏನಪ್ಪಾ, ಡ್ಯೂಟಿ ಹೊತ್ತಲ್ಲಿ? ಇಲ್ಲಿ ಎಲ್ಲರೂ ನನ್ನ ಪ್ರಾಣ ತಿಂತಿದ್ದಾರೆ. ಎಷ್ಟು ಹೊತ್ತು, ಎಷ್ಟು ಹೊತ್ತು ಅಂತ."

"ಗುಬ್ಬೀ, ನಾನು ಅಕ್ಕ," ಎಂದಳು ತನಿಖಾಧಿಕಾರಿ. ದನಿ ಸಮವಾಗಿ ಇಟ್ಟುಕೊಳ್ಳಲು ಅವಳು ಮೇಜಿನ ಅಂಚನ್ನು ಉಗುರಿನಿಂದ ಒತ್ತಿ ಹಿಡಿದಿದ್ದಳು. "ಮೆಲ್ಲಗೆ ಮಾತಾಡು. ವ್ಯಾನ್‌ನಲ್ಲಿ ಯಾರು ಬಂದಿದ್ದಾರೆ?"

"ಯಾರೋ ಹೊಸ ಮೆಕ್ಯಾನಿಕ್. ನಾನು ನೋಡಿಲ್ಲ ಇವನನ್ನ. ಮಾತೇ ಆಡಲ್ಲ ಮಾರಾಯ್ತಿ. ಬಂದೋನೇ ಬಸ್ಸಿನ ಕೆಳಗೆ ನುಗ್ಗಿದ. ಬೀಗಣ್ಣ ಬಂದಿದ್ದಾನೆ, ಆದ್ರೆ..."

"ಆದ್ರೆ?"

"ವ್ಯಾನ್‌ನಿಂದ ಇಳೀತಾನೇ ಇಲ್ಲ. ಕಿಟಕಿಯಿಂದ ಕಾಣಿಸ್ತಾನೆ. ಅಕ್ಕಾ, ಅವನು ಅಳ್ತಾ ಇದ್ದಾನೆ."

ರೇಡಿಯೋ ಅಕ್ಕ ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಇನ್ನೊಂದು," ಗುಬ್ಬಿ ದನಿ ತಗ್ಗಿಸಿದಳು. "ನಿನ್ನ ಆಫೀಸಿಗೆ ಯಾವ ಸ್ಟಾಪಿನಲ್ಲಿ ಇಳೀಬೇಕು ಅಂತ ಒಬ್ಬಳು ಕೇಳ್ತಿದ್ದಳು. ಬಿಡಿಭಾಗದ ಗೋದಾಮಿನಲ್ಲಿ ಗುಮಾಸ್ತೆಯಂತೆ. ತೊಡೆ ಮೇಲೆ ಒಂದು ಫೈಲು, ಅಪ್ಪಿಕೊಂಡು ಕೂತಿದ್ದಳು. ವ್ಯಾನ್ ನೋಡಿದ್ದೇ ತಡ, ಸೀಟಿನ ಸಂದಿಗೆ ಇಳಿದು ಬಿಟ್ಟಳು. 'ನಾನಿದ್ದೀನಿ ಅಂತ ಹೇಳಬೇಡ' ಅಂತ ನನ್ನ ಕಾಲು ಹಿಡ್ಕೊಂಡಿದ್ದಾಳೆ."

ಆ ಹೆಂಗಸು ಯಾರೋ ತನಿಖಾಧಿಕಾರಿಗೆ ಗೊತ್ತಿಲ್ಲ. ಆದರೆ ಫೈಲಿನಲ್ಲಿ ಏನಿರಬಹುದು ಎಂದು ಗೊತ್ತಿತ್ತು: ಯಾವ ರಾಡು ಗೋದಾಮಿಗೆ ಬಂತು, ಯಾವ ಡಬ್ಬಿಯಲ್ಲಿ ಹೊರಟಿತು. ವ್ಯಾನಿನವರು ಬಂದದ್ದು ರಾಡಿಗಲ್ಲ, ಆ ಹೆಂಗಸನ್ನೂ ಫೈಲನ್ನೂ ಹುಡುಕಿಕೊಂಡು.

ಮಾವ ಫೋನಿಗೆ ಬಾಗಿದ. ಅವನ ತಲೆಯಲ್ಲಿ ಓಡುತ್ತಿದ್ದದ್ದು ಮೆಕ್ಯಾನಿಕ್ಕಿನ ಲೆಕ್ಕ.

"ಮಗಳೇ, ಬಸ್ಸು ಹೇಗೆ ನಿಂತಿದೆ? ಮೂತಿ ಯಾವ ಕಡೆ?"

"ಇಳಿಜಾರಿನ ಕಡೆ ಅಪ್ಪಾ. ವ್ಯಾನು ಪಕ್ಕಕ್ಕೆ ಸರಿದಿದೆ, ಎದುರಿಗೇ ತಿರುವು."

"ಆ ಮನುಷ್ಯ ಎಲ್ಲಿದ್ದಾನೆ ಈಗ? ಅವನ ಕಾಲು ಎಲ್ಲಿ ಕಾಣುತ್ತೆ, ಸರಿಯಾಗಿ ನೋಡಿ ಹೇಳು. ಮುಂದಿನ ಗಾಲಿ ಹತ್ತಿರ ತಾನೇ?"

ಗುಬ್ಬಿ ಕಿಟಕಿಯ ಕಡೆ ಹೋಗುವ ಸದ್ದು. "ಸ್ವಲ್ಪ ದಾರಿ ಬಿಡಿ, ಅಜ್ಜಿ, ಕಾಲು ತೆಗೀರಿ."

"ಇಲ್ಲಪ್ಪಾ. ಹಿಂದಿನ ಗಾಲಿ ಹತ್ತಿರ. ಬಂದಾಗಿನಿಂದ ಅಲ್ಲೇ ಇದ್ದಾನೆ."

ಮಾವ ತನಿಖಾಧಿಕಾರಿಯ ಮುಖ ನೋಡಿದ. ಆ ಕಣ್ಣುಗಳಲ್ಲಿ ಅಂಥ ಭಯವನ್ನು ಅವಳು ಹಿಂದೆಂದೂ ನೋಡಿರಲಿಲ್ಲ.

"ರಾಡು ಮುಂದಿರೋದು," ಎಂದ, ಉಸಿರಿನಲ್ಲಿ. "ಹಿಂದೆ ಅವನಿಗೆ ಏನು ಕೆಲಸ? ಹಿಂದೆ ಇರೋದು ನಿಂತ ಬಸ್ಸನ್ನ ಹಿಡ್ಕೊಳ್ಳೋ ಬ್ರೇಕು. ಅದರ ಬೋಲ್ಟು ತಿರುಗಿಸಿ ಬಿಟ್ರೆ..." ಮುಂದೆ ಹೇಳಲಾಗದೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂಗಿದ. "ಗುಬ್ಬೀ! ಎಲ್ಲರನ್ನೂ ಇಳಿಸು! ಈಗಲೇ! ಏನೂ ಕೇಳಬೇಡ, ಇಳಿಸು!"

"ಆಯ್ತು ಆಯ್ತು, ಕಿರುಚಬೇಡ." ಅವಳ ಹೆಜ್ಜೆ ಸದ್ದು, ಜನರ ಗೊಣಗಾಟ, ಬಾಗಿಲಿನ ಗುಂಡಿ ಒತ್ತಿದ ಟಕ್ ಸದ್ದು. ಮತ್ತೆ ಟಕ್. ಮತ್ತೆ ಟಕ್ ಟಕ್ ಟಕ್.

"ಅಪ್ಪಾ, ಬಾಗಿಲು ತೆರೀತಾ ಇಲ್ಲ."

"ಡ್ರೈವರ್‌ಗೆ ಹೇಳು! ಕಾಲಲ್ಲಿ ಬ್ರೇಕ್ ಒತ್ತಿ ಹಿಡ್ಕೊಳ್ಳೋಕೆ ಹೇಳು ಮೊದಲು!"

ಫೋನಿನಲ್ಲಿ ಮಗುವಿನ ಅಳು ಥಟ್ಟನೆ ನಿಂತಿತು. ಯಾರೋ ಒಬ್ಬರು "ಅಯ್ಯೋ" ಅಂದರು. ಆಮೇಲೆ ಹಲವರು ಒಟ್ಟಿಗೆ. ಆ ಗದ್ದಲದ ನಡುವೆ ಗುಬ್ಬಿಯ ದನಿ, ಮೊದಲ ಬಾರಿಗೆ ಪುಟ್ಟ ಹುಡುಗಿಯ ದನಿಯಂತೆ ಕೇಳಿಸಿತು.

"ಡ್ರೈವರ್ ಕೆಳಗಿಳಿದಿದ್ದಾನೆ ಅಪ್ಪಾ. ಸೀಟಿನಲ್ಲಿ ಯಾರೂ ಇಲ್ಲ. ಬಸ್ಸು ಹೊರಟಿತು."